ಅಪ್ಪನ ಕಾಲಿನ ಅಳತೆ

‘ಎಂತ ಬೇಡ’ ಎನ್ನುವವರನ್ನು ಚರ್ಚೆಯಲ್ಲಿ ಸೋಲಿಸುವುದು ಕಷ್ಟ. ಕಾಲೇಜಿನ ಐದು ವರ್ಷವೂ ಚರ್ಚಾಸ್ಪರ್ಧೆಗಳಿಗೆ ಹೋಗಿ, ಈಗ ವಾರಕ್ಕೆ ಎರಡು ಸಂಜೆ ಅದನ್ನೇ ಕಲಿಸುವವಳಾಗಿ ಹೇಳುತ್ತಿದ್ದೇನೆ. ಎದುರಿನವರು ಏನಾದರೊಂದು ಹೇಳಬೇಕು, ಹೇಳಿದ್ದಕ್ಕೆ ಆಧಾರ ಕೊಡಬೇಕು, ಆ ಆಧಾರದ ಬುಡಕ್ಕೆ ನಾವು ಕೈ ಹಾಕಬೇಕು. ಏನನ್ನೂ ಕೇಳದವರ ಬುಡ ಎಲ್ಲಿದೆ? ಪ್ರತಿ ದೀಪಾವಳಿಗೆ ಹದಿನೈದು ದಿನ ಮೊದಲು ನಾನು ಕೇಳುವುದು, ‘ಈ ಸಲ ನಿಮಗೆ ಎಂತ ತರಲಿ?’ ಅಪ್ಪ ತಲೆಯೆತ್ತದೆ ‘ಎಂತ ಬೇಡ’ ಎನ್ನುವುದು. ಅಡುಗೆಮನೆಯಿಂದ ಅಮ್ಮ, ಪ್ರಶ್ನೆ ಕೇಳಿಸದಿದ್ದರೂ, ‘ನನಗೂ ಬೇಡ’ ಎಂದು ಸೇರಿಸುವುದು. ಮನೆಯಲ್ಲಿ ನಮ್ಮ ಮಾತು ತುಳು. ಇಲ್ಲಿ ಕನ್ನಡಕ್ಕೆ ತಂದಿದ್ದೇನೆ. ತರುವ ದಾರಿಯಲ್ಲಿ ಅಪ್ಪನ ಮಾತಿನ ಉಪ್ಪು ಹುಳಿ ಸ್ವಲ್ಪ ಚೆಲ್ಲಿರಬಹುದು.

ಅಪ್ಪ ಅರ್ಚಕರು. ಪಡೀಲಿನ ನಮ್ಮ ಮನೆಯಿಂದ ದೇವಸ್ಥಾನಕ್ಕೆ ಹತ್ತು ನಿಮಿಷದ ನಡಿಗೆ. ಅಮ್ಮ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ಒಬ್ಬಳೇ ಮಗಳು ನಾನು. ವಕೀಲರೊಬ್ಬರ ಕಚೇರಿಯಲ್ಲಿ ಕೆಲಸ. ನನಗೆ ದೇವರಲ್ಲಿ ನಂಬಿಕೆಯಿಲ್ಲ. ಇದನ್ನು ಪಿಯುಸಿಯಲ್ಲಿರುವಾಗಲೇ ಮನೆಯಲ್ಲಿ ಹೇಳಿದ್ದೆ, ದೊಡ್ಡ ಜಗಳವಾಗಬಹುದೆಂದು ಮೂರು ದಿನ ತಯಾರಿ ಮಾಡಿಕೊಂಡು. ಅಪ್ಪ ಪೂರ್ತಿ ಕೇಳಿಸಿಕೊಂಡು ‘ಆಯ್ತು’ ಅಂದರು. ಅದಾದ ಮೇಲೆ ಯಾರಾದರೂ ಮನೆಗೆ ಬಂದು, ಮಗಳು ದೇವಸ್ಥಾನಕ್ಕೆ ಬರುವುದೇ ಇಲ್ಲವಲ್ಲ ಎಂದು ಮಾತು ತೆಗೆದರೆ ಅಪ್ಪನದ್ದು ಒಂದೇ ಉತ್ತರ: ‘ನನಗೆ ಶುಗರ್ ಉಂಟು, ಅವಳಿಗೆ ದೇವರಿಲ್ಲ. ಒಂದು ಮನೆ ಅಂದ ಮೇಲೆ ಎಲ್ಲ ಇರ್ತದೆ ಮಾರಾಯ್ರೆ.’

ಅರ್ಚಕರ ಮನೆಗೆ ಉಡುಗೊರೆ ಕೊಡುವುದೆಂದರೆ ದೋಣಿ ಬಂದು ನಿಲ್ಲುವ ಬಂದರಿನ ಧಕ್ಕೆಗೆ ಮೀನು ಹೊತ್ತುಕೊಂಡು ಹೋದ ಹಾಗೆ. ನಮ್ಮಲ್ಲಿ ಒಂದು ಕಬ್ಬಿಣದ ಕಪಾಟು ಇದೆ. ಪೂಜೆಗೆ, ಗೃಹಪ್ರವೇಶಕ್ಕೆ, ಉಪನಯನಕ್ಕೆ ಹೋದಲ್ಲೆಲ್ಲ ಕೊಟ್ಟ ವೇಷ್ಟಿ, ಶಾಲು, ರವಿಕೆ ಕಣ, ಸ್ಟೀಲಿನ ತಟ್ಟೆ ಎಲ್ಲವೂ ಅದರೊಳಗೆ ಹೋಗುತ್ತವೆ. ಉಳಿಯಲಿಕ್ಕೆ ಹೋಗುವುದಲ್ಲ. ಮುಂದಿನ ಮದುವೆ, ಮುಂದಿನ ಸೀಮಂತ ಬಂದಾಗ ಅಮ್ಮ ಕಪಾಟು ತೆಗೆದು, ಯಾವುದು ಯಾರಿಂದ ಬಂದದ್ದು ಎಂದು ನೆನಪು ಮಾಡಿಕೊಂಡು, ಅವರ ಕಡೆಯವರಲ್ಲದ ಮನೆಗೆ ಅದನ್ನು ದಾಟಿಸುತ್ತಾಳೆ. ‘ಬಂದದ್ದು ಹೋಗ್ತಾ ಇರ್ಬೇಕು’ ಎನ್ನುವುದು ಅವಳ ನಿಯಮ. ‘ಇಲ್ಲಾಂದ್ರೆ ಬರುದು ನಿಲ್ತದೆ.’

ನಾನು ಮೊದಲ ಸಂಬಳದಲ್ಲಿ ಅಮ್ಮನಿಗೆ ಉಡುಪಿ ಸೀರೆ ತಂದಿದ್ದೆ. ತಿಳಿ ಹಸಿರು, ಅಂಚು ಕೆಂಪು. ಅವಳ ಸ್ವಭಾವ ಗೊತ್ತಿದ್ದದ್ದರಿಂದ ಮಡಿಕೆಯ ಒಳಗೆ ಒಂದು ಚೀಟಿ ಇಟ್ಟಿದ್ದೆ: ‘ಅಮ್ಮಾ, ಇದನ್ನು ಯಾರಿಗೂ ಕೊಡಬೇಡ.’ ಎರಡು ವರ್ಷದ ನಂತರ ತೊಕ್ಕೊಟ್ಟಿನಲ್ಲಿ ಒಂದು ಗೃಹಪ್ರವೇಶಕ್ಕೆ ಹೋದೆವು. ಊಟ ಮುಗಿಸಿ ಹೊರಡುವಾಗ ಆ ಮನೆಯಾಕೆ ಅಮ್ಮನಿಗೆ ಕುಂಕುಮ ಹಚ್ಚಿ, ಒಂದು ಕವರಿನಲ್ಲಿ ಸೀರೆ ಕೊಟ್ಟರು. ಬಸ್ಸಿನಲ್ಲಿ ಕವರು ತೆಗೆದರೆ ತಿಳಿ ಹಸಿರು, ಅಂಚು ಕೆಂಪು. ಮಡಿಕೆಗೆ ಕೈ ಹಾಕಿದೆ. ಚೀಟಿ ಅಲ್ಲೇ ಇತ್ತು. ನಮ್ಮ ಮನೆಯಿಂದ ಹೊರಟು, ಎಷ್ಟು ಕಪಾಟುಗಳ ಒಳಗೆ ಕುಳಿತೆದ್ದು, ಒಬ್ಬರೂ ಬಿಚ್ಚಿ ನೋಡದೆ, ನೇತ್ರಾವತಿ ದಾಟಿ ಬಂದಿತ್ತು ಅದು.

‘ಓದು’ ಎಂದು ಚೀಟಿಯನ್ನು ಅಮ್ಮನ ಕೈಗೆ ಕೊಟ್ಟೆ.

ಅವಳು ಓದಿದಳು. ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ‘ನೋಡು, ನೀನು ಕೊಟ್ಟದ್ದು ಎಲ್ಲಿಗೂ ಹೋಗ್ಲಿಲ್ಲ’ ಅಂದಳು. ಆಚೆ ಸೀಟಿನಲ್ಲಿದ್ದ ಅಪ್ಪ ಸೇತುವೆ ಮುಗಿಯುವವರೆಗೂ ನಕ್ಕರು.

ಅಪ್ಪನಿಗೆ ಕೊಟ್ಟ ವಾಚು ಸೋದರಮಾವನ ಮಗನ ಕೈಗೆ ಹೋಯಿತು (‘ಗರ್ಭಗುಡಿಯ ಒಳಗೆ ಗಂಟೆ ನೋಡ್ಲಿಕ್ಕೆ ನಾನೆಂತ ಬಸ್ಸು ಹಿಡಿಯುದಾ?’). ಕಸೂತಿಯ ಶಾಲು ಒಂದು ಉಪನಯನಕ್ಕೆ ಹೋಯಿತು. ಇವೆಲ್ಲ ನಗುವ ಕಥೆಗಳೇ, ನಾನೇ ಹೇಳಿ ನಗಿಸಿದ್ದೇನೆ. ಆದರೆ ಒಳಗೊಳಗೆ ನನಗೊಂದು ಹಟ ಬೆಳೆಯುತ್ತಿತ್ತು. ಇಪ್ಪತ್ತೆಂಟು ವರ್ಷ ನನ್ನನ್ನು ಸಾಕಿದ ಇಬ್ಬರಿಗೆ ಬೇಕಾದದ್ದು ಯಾವುದು ಎಂದು ನನಗೆ ಗೊತ್ತಿಲ್ಲ ಎಂದರೆ ಏನರ್ಥ? ಒಂದು ವಸ್ತುವಾದರೂ ನನ್ನ ಕೈಯಿಂದ ಅಪ್ಪನಿಗೆ ಹೋಗಿ, ಅವರ ಹತ್ತಿರವೇ ಉಳಿದು, ಅವರ ಮೈಗೆ ತಾಗಿ ಸವೆಯಬೇಕು. ಅಷ್ಟೇ ಬೇಕಾದದ್ದು ನನಗೆ. ಅಂದರೆ ಬೇಕು ಇದ್ದದ್ದು ನನಗೆ, ಅವರಿಗಲ್ಲ. ಈ ತಪ್ಪನ್ನು ನನ್ನ ವಿದ್ಯಾರ್ಥಿಯೊಬ್ಬ ಮಾಡಿದ್ದರೆ ಅರ್ಧ ನಿಮಿಷದಲ್ಲಿ ಹಿಡಿಯುತ್ತಿದ್ದೆ.

ಹೋದ ವರ್ಷ ಕುಳಿತು ಯೋಚಿಸಿದೆ. ದಾಟಿಸಲಿಕ್ಕೆ ಆಗದ ವಸ್ತು ಯಾವುದು? ಅಳತೆಗೆ ಮಾಡಿಸಿದ್ದು. ಅಪ್ಪನಿಗಲ್ಲದೆ ಬೇರೆ ಯಾರಿಗೂ ಹೊಂದದ್ದು. ಅವರ ರಬ್ಬರು ಚಪ್ಪಲಿಯ ಬಾರು ಕಿತ್ತು, ಅಡಿಗೆ ಒಂದು ಸೇಫ್ಟಿಪಿನ್ನು ಚುಚ್ಚಿ ಆರು ತಿಂಗಳಾಗಿತ್ತು. ಶುಗರ್ ಇರುವವರಿಗೆ ಮೆತ್ತನೆ ಅಡಿಯ ಚಪ್ಪಲಿಯನ್ನು ಕಾಲಿನ ಅಳತೆ ತೆಗೆದು ಮಾಡಿಕೊಡುತ್ತಾರೆ, ಬಂದರಿನಲ್ಲಿ ಒಬ್ಬರು ಇದ್ದಾರೆ ಎಂದು ಕಚೇರಿಯಲ್ಲಿ ಯಾರೋ ಹೇಳಿದ್ದರು. ಸರಿ, ಚಪ್ಪಲಿ.

ಅಳತೆ ತೆಗೆಯಬೇಕಲ್ಲ. ಕೇಳಿದರೆ ‘ಎಂತ ಬೇಡ’. ನಾನು ಅಪ್ಪನ ಕಾಲನ್ನು ಹತ್ತಿರದಿಂದ ನೋಡದೆ ಎಷ್ಟೋ ವರ್ಷವಾಗಿತ್ತು. ಹಬ್ಬಕ್ಕೆ, ಹುಟ್ಟುಹಬ್ಬಕ್ಕೆ ಹಿರಿಯರ ಕಾಲು ಮುಟ್ಟಿ ನಮಸ್ಕರಿಸುವುದನ್ನು ನಾನು ಬಿಟ್ಟದ್ದು ಕಾಲೇಜಿನಲ್ಲಿ. ಪ್ರೀತಿಗೆ ಬಗ್ಗುವ ಅಗತ್ಯವಿಲ್ಲ ಎಂದು ವಾದಿಸಿದ್ದೆ. ಅಪ್ಪ ಅದಕ್ಕೂ ‘ಆಯ್ತು’ ಅಂದಿದ್ದರು. ಹಾಗಾಗಿ ಒಂದು ಉಪಾಯ ಹುಡುಕಿದೆ. ಅಪ್ಪ ಬೆಳಿಗ್ಗೆ ಸ್ನಾನ ಮಾಡಿ ಒದ್ದೆ ಕಾಲಿನಲ್ಲೇ ಬಚ್ಚಲಿನಿಂದ ದೇವರ ಕೋಣೆಗೆ ನಡೆಯುತ್ತಾರೆ. ಆ ದಾರಿಯಲ್ಲಿ ಒಂದು ಹಳೆಯ ಪೇಪರು ಹಾಸಿದೆ.

ಅಪ್ಪ ಬಂದವರು ಪೇಪರಿನ ಎದುರು ಗಕ್ಕನೆ ನಿಂತರು. ‘ಇದೆಂತ? ಅಕ್ಷರದ ಮೇಲೆ ಕಾಲಿಡುದಾ?’ ಎಂದು ಗೋಡೆಗೆ ಅಂಟಿಕೊಂಡು ದಾಟಿದರು. ದಾಟುವಾಗ ಬಟ್ಟೆಯ ತುದಿ ತಾಗಿತೆಂದು ಪೇಪರನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು ಬೇರೆ.

ಮರುದಿನ, ತರಗತಿಗೆಂದು ತಂದಿದ್ದ ಖಾಲಿ ಚಾರ್ಟ್ ಹಾಳೆ ಹಾಸಿದೆ. ಬೆಳ್ಳಗೆ, ಅಕ್ಷರವಿಲ್ಲದ್ದು.

‘ಇವತ್ತು ಎಂತ?’

‘ನೆಲ ಜಾರ್ತದೆ ಅಪ್ಪ.’

‘ಕಾಗದ ಜಾರುದಿಲ್ವಾ?’ ಅಂದರು. ಆದರೆ ನಡೆದರು. ಎರಡು ಹೆಜ್ಜೆ ಸರಿಯಾಗಿ ಮೂಡಿದವು, ಬಲದ್ದೊಂದು, ಎಡದ್ದೊಂದು. ಒಣಗುವ ಮೊದಲು ಪೆನ್ಸಿಲಿನಿಂದ ಸುತ್ತ ಗೆರೆ ಎಳೆದೆ. ಬಲಗಾಲಿನ ಹೆಬ್ಬೆರಳ ಬುಡದಲ್ಲಿ, ಎಂಟಾಣೆಯಷ್ಟು ಅಗಲಕ್ಕೆ, ತಿಳಿ ಕೆಂಪು ಬಣ್ಣ ನೀರಿನ ಜೊತೆ ಹರಡಿತ್ತು. ಕುಂಕುಮ. ನಮ್ಮ ಮನೆಯಲ್ಲಿ ಕುಂಕುಮ ಇಲ್ಲದ ಜಾಗ ಯಾವುದಿದೆ? ದೇವರ ಕೋಣೆಯಲ್ಲಿ, ಬಾಗಿಲಿನ ಹೊಸ್ತಿಲಲ್ಲಿ, ಅಪ್ಪನ ವೇಷ್ಟಿಯ ಅಂಚಿನಲ್ಲಿ, ನನ್ನ ಲ್ಯಾಪ್‌ಟಾಪಿನ ಕೀಲಿಗಳ ಸಂದಿಯಲ್ಲೂ ಅದು ಇರುತ್ತದೆ. ಹಾಳೆಯನ್ನು ಸುರುಳಿ ಸುತ್ತಿ ಚೀಲದಲ್ಲಿಟ್ಟೆ. ನನ್ನ ಜಾಣತನಕ್ಕೆ ಆ ದಿನ ಕಚೇರಿಯಲ್ಲಿ ಮೂರು ಜನರಿಂದ ಹೊಗಳಿಕೆ ಸಿಕ್ಕಿತು.

ಚಪ್ಪಲಿ ಮಾಡುವವರ ಅಂಗಡಿ ಬಂದರಿನ ಗೋದಾಮುಗಳ ನಡುವಿನ ಒಂದು ಓಣಿಯಲ್ಲಿ. ಒಂದು ಕಡೆ ಒಣಮೆಣಸಿನ ಘಾಟು, ಇನ್ನೊಂದು ಕಡೆ ಒಣಮೀನಿನ ವಾಸನೆ. ಅಂಗಡಿಯವರು ವಯಸ್ಸಾದ ಬ್ಯಾರಿ ಮುಸ್ಲಿಮರು. ಓಣಿಯವರೆಲ್ಲ ಅವರನ್ನು ಕಾಕ ಎಂದೇ ಕರೆಯುತ್ತಿದ್ದರು. ನಾನೂ ಹಾಗೇ ಕರೆದೆ. ಅವರು ಹಾಳೆಯನ್ನು ಬಿಡಿಸಿ, ನಾಲ್ಕು ಮೂಲೆಗೆ ನಾಲ್ಕು ಮರದ ಅಚ್ಚು ಇಟ್ಟು ನೋಡಿದರು.

‘ಜನ ಎಲ್ಲಿ ಅಕ್ಕ?’

‘ಜನ ಬರುದಿಲ್ಲ ಕಾಕ. ಅಳತೆ ಇದೇ.’

‘ಶುಗರ್ ಉಂಟಾ?’

‘ಉಂಟು. ಅದಕ್ಕೇ ನಿಮ್ಮಲ್ಲಿಗೆ ಬಂದದ್ದು.’

‘ಹಾಗಾದ್ರೆ ಕಾಲು ನೋಡದೆ ನಾನು ಮಾಡುದಿಲ್ಲ. ಶುಗರಿನವರ ಕಾಲು ಮುಟ್ಟಿ ನೋಡ್ಬೇಕು.’

ನಾನು ಬಿಡುತ್ತೇನೆಯೇ? ಈ ಹಾಳೆಯಲ್ಲಿ ಉದ್ದ ಇದೆ, ಅಗಲ ಇದೆ, ಭಾರ ಎಲ್ಲಿ ಬೀಳುತ್ತದೆ ಎಂದೂ ಇದೆ; ಅಂಗಡಿಯಲ್ಲಿ ನಂಬರು ಹೇಳಿ ಕೊಳ್ಳುವ ಚಪ್ಪಲಿಗಿಂತ ಇದು ಉತ್ತಮವೋ ಅಲ್ಲವೋ ಎಂದು ಕೇಳಿದೆ. ಉತ್ತಮ ಎಂದು ಒಪ್ಪಿದರು. ನೀವು ಮಾಡಿಕೊಡದಿದ್ದರೆ ಅವರು ಪಿನ್ನು ಚುಚ್ಚಿದ ಚಪ್ಪಲಿಯಲ್ಲೇ ನಡೆಯುತ್ತಾರೆ. ಯಾವುದು ಹೆಚ್ಚು ಅಪಾಯ, ಅದೋ ಇದೋ ಎಂದೆ. ಅದು ಎಂದರು. ಹಾಗಾದರೆ ಮಾಡದಿರಲು ನಿಮ್ಮ ಕಾರಣ ಏನು ಎಂದೆ. ಕಾಕ ನನ್ನ ಮುಖವನ್ನೇ ನೋಡಿದರು.

‘ಮಾತಲ್ಲಿ ನಿಮ್ಮನ್ನು ಗೆಲ್ಲಿಕ್ಕೆ ನನ್ನಿಂದ ಆಗುದಿಲ್ಲ’ ಅಂದರು. ಆಮೇಲೆ ಹಾಳೆಯ ಮೇಲೆ ಬೆರಳಿಟ್ಟು, ‘ಈ ಕೆಂಪು ಎಂತ?’

‘ಕುಂಕುಮ. ಅಪ್ಪ ದೇವಸ್ಥಾನದ ಭಟ್ರು.’

‘ಓ’ ಅಂದರು. ಆ ಬಣ್ಣ ಕುಂಕುಮವಲ್ಲ ಎಂದು ಅರ್ಚಕರ ಮಗಳೊಡನೆ ಅವರು ವಾದಿಸುವುದಾದರೂ ಹೇಗೆ? ‘ಚರ್ಮ ಆಗ್ಲಿಕ್ಕಿಲ್ಲ ಹಾಗಾದ್ರೆ. ರೆಕ್ಸಿನ್ ಹಾಕ್ತೇನೆ. ಹೊಂದದಿದ್ದರೆ ತಿರುಗಿ ತನ್ನಿ ಆಯ್ತಾ, ಕಾಲನ್ನೂ ತನ್ನಿ.’

ಅಲ್ಲಿಗೇ ನಿಲ್ಲಿಸಬಹುದಿತ್ತು. ಗೆದ್ದ ಹುರುಪಿನಲ್ಲಿ ಮನೆಗೆ ಬಂದು ಅಮ್ಮನ ಕಪಾಟು ತೆರೆದೆ. ಈ ಮನೆಗೆ ಯಾವುದು ಯಾವತ್ತೂ ಉಡುಗೊರೆಯಾಗಿ ಬಂದಿಲ್ಲ ಎಂದು ನೋಡಬೇಕಿತ್ತು ನನಗೆ. ಇಲ್ಲಿ ಇಲ್ಲದ್ದೇ ಅವರಿಗೆ ಬೇಕಾದದ್ದು, ಎಷ್ಟು ಸುಲಭ! ಕೊಡೆ ಇರಲಿಲ್ಲ; ಅಪ್ಪನ ಕೊಡೆಯ ಎರಡು ಕಡ್ಡಿ ಹೊರಗೆ ಚಾಚಿಕೊಂಡಿದ್ದವು. ಬೆಳಗಿನ ಕತ್ತಲೆಗೆ ಟಾರ್ಚ್ ಇರಲಿಲ್ಲ. ದೇವಸ್ಥಾನದಲ್ಲಿ ಬಿಸಿನೀರು ಸಿಗುವುದಿಲ್ಲ, ಫ್ಲಾಸ್ಕ್ ಬೇಕು. ಮಧ್ಯಾಹ್ನದ ಪೂಜೆಯವರೆಗೆ ನಿಂತೇ ಇರುತ್ತಾರೆ, ನಡುವೆ ಕೂರಲಿಕ್ಕೆ ಮಡಿಚುವ ಸ್ಟೂಲು ಬೇಕು. ಎಲ್ಲವನ್ನೂ ಕೊಂಡೆ. ಎಷ್ಟೋ ವರ್ಷಗಳಿಂದ ತುಂಬಿ ಖಾಲಿಯಾಗುವ ಈ ಕಪಾಟಿಗೆ ಒಂದು ಕೊಡೆ ಏಕೆ ಬರಲಿಲ್ಲ, ಒಂದು ಜೊತೆ ಚಪ್ಪಲಿ ಏಕೆ ಬರಲಿಲ್ಲ ಎಂದು ಒಂದೇ ಒಂದು ಸಲ ಕೇಳಿಕೊಂಡಿದ್ದರೆ ಸಾಕಿತ್ತು.

ದೀಪಾವಳಿಯ ಬೆಳಿಗ್ಗೆ ಎಣ್ಣೆಸ್ನಾನ ಮುಗಿಸಿ ದೇವಸ್ಥಾನಕ್ಕೆ ಹೋದ ಅಪ್ಪ ನಡುವೆ ತಿಂಡಿಗೆ ಮನೆಗೆ ಬಂದಾಗ ಹತ್ತು ಗಂಟೆ. ಅಮ್ಮ ಸಿಹಿ ಅವಲಕ್ಕಿ ಬಡಿಸಿದಳು. ಅಪ್ಪನಿಗೆ ಬೆಲ್ಲ ಹಾಕದ್ದು. ಅವರು ತಿಂದು ಕೈ ತೊಳೆದು ಬಂದ ಮೇಲೆ ಚಾವಡಿಯಲ್ಲಿ ಒಂದೊಂದಾಗಿ ತೆಗೆದಿಟ್ಟೆ. ಕೊಡೆ. ಚಪ್ಪಲಿ. ಫ್ಲಾಸ್ಕ್. ಟಾರ್ಚ್. ಸ್ಟೂಲು.

ಅಮ್ಮನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಅಪ್ಪ ಎಲ್ಲವನ್ನೂ ಒಮ್ಮೆ ನೋಡಿದರು, ಮತ್ತೊಮ್ಮೆ ನೋಡಿದರು, ಆಮೇಲೆ ಅವರ ಭುಜ ಕುಣಿಯತೊಡಗಿತು.

‘ಹನ್ನೆರಡನೇ ದಿನದ್ದು ಪೂರಾ ತಂದಿದ್ದಿ ಮಾರಾಯ್ತಿ! ಎಳ್ಳು ಒಂದು ಬಾಕಿ.’

ಒಬ್ಬರು ಸತ್ತ ಹನ್ನೆರಡನೆಯ ದಿನ ಮನೆಯವರು ಬ್ರಾಹ್ಮಣನೊಬ್ಬನಿಗೆ ಕೆಲವು ವಸ್ತುಗಳನ್ನು ದಾನ ಕೊಡುತ್ತಾರೆ. ಸತ್ತವರು ಮುಂದೆ ನಡೆಯುವ ದಾರಿ ದೂರದ್ದಂತೆ. ಬಿಸಿಲಿಗೆ ಕೊಡೆ, ಮುಳ್ಳಿಗೆ ಚಪ್ಪಲಿ, ಬಾಯಾರಿಕೆಗೆ ಚೊಂಬು, ಕತ್ತಲೆಗೆ ದೀಪ, ದಣಿದರೆ ಕೂರಲಿಕ್ಕೆ ಮಣೆ. ಇಲ್ಲಿ ಕೊಟ್ಟದ್ದು ಅವರಿಗೆ ಅಲ್ಲಿ ಸಿಗುತ್ತದೆ ಎಂದು ನಂಬಿಕೆ. ಅಪ್ಪ ದೇವಸ್ಥಾನದ ಅರ್ಚಕರಾದ್ದರಿಂದ ಆ ದಾನ ತೆಗೆದುಕೊಳ್ಳುವವರಲ್ಲ. ಕಪಾಟಿನಲ್ಲಿ ಅವು ಇಲ್ಲದ್ದು ಅದಕ್ಕೆ. ಈ ಮನೆಯಲ್ಲೇ ಹುಟ್ಟಿ ಬೆಳೆದ ನಾನು, ಎಷ್ಟೋ ಸಲ ಕೇಳಿದ ಪಟ್ಟಿಯನ್ನು ನಂಬಿಕೆಯಿಲ್ಲವೆಂದು ತಲೆಯಿಂದ ಅಳಿಸಿ ಹಾಕಿ, ಸ್ವಂತ ತರ್ಕದಿಂದ ಒಂದೂ ಬಿಡದಂತೆ ಅದನ್ನೇ ಜೋಡಿಸಿ ತಂದಿದ್ದೆ.

‘ಹಬ್ಬದ ದಿನ!’ ಅಮ್ಮ ಸೌಟನ್ನು ಕೆಳಗೆ ಕುಕ್ಕಿದಳು. ‘ಅಪ್ಪ ಗಟ್ಟಿಮುಟ್ಟಾಗಿ ಎದುರು ಕೂತಿರುವಾಗ! ನಿನಗೆ ಬುದ್ಧಿ ಉಂಟಾ? ತೆಗಿ ಅದನ್ನು, ಹೊರಗೆ ಇಡು.’

‘ಅಮ್ಮ, ನಡೆಯುವವರಿಗೆ ಬೇಕಾದದ್ದು ಸತ್ತರೂ ಅದೇ, ಬದುಕಿದ್ದರೂ ಅದೇ. ಪಟ್ಟಿ ಮಾಡಿದವರು ನಡೆಯುವವರನ್ನು ನೋಡಿಯೇ ಮಾಡಿದ್ದಾರೆ. ಇದರಲ್ಲಿ ಅಪಶಕುನ ಎಂತ ಬಂತು?’

‘ಎಲ್ಲದಕ್ಕೂ ಒಂದು ಮಾತು ಉಂಟು ಇವಳಿಗೆ. ಮತ್ತೆ ಈ ಸ್ಟೂಲು ಯಾಕೆ? ಅಪ್ಪ ಕೂತದ್ದು ನೋಡಿದ್ದಿಯಾ ನೀನು ಯಾವಾಗಾದ್ರೂ ಅಲ್ಲಿ?’

‘ಇಲ್ಲಿ ಕೇಳಿ ಇಬ್ಬರೂ’ ಎಂದು ಅಪ್ಪ ಎದ್ದರು. ‘ಎಲ್ಲರಿಗೂ ಸತ್ತ ಮೇಲೆ ಸಿಕ್ಕುದು. ಅದೂ ನಡುವಲ್ಲಿ ಒಬ್ಬ ಭಟ್ಟನ ಕೈ ದಾಟಿ. ನನಗೆ ನೇರ ಸಿಕ್ಕಿತು, ಮಗಳ ಕೈಯಿಂದ. ಮಗಳು ಕೊಟ್ಟದ್ದು ದಾನ ಆಗುದಿಲ್ಲ.’ ಹಾಗೆ ಹೇಳಿ ಚಪ್ಪಲಿಗೆ ಕಾಲು ಹಾಕಿದರು. ಬಲಗಾಲಿನ ಪಟ್ಟಿ ಸ್ವಲ್ಪ ಎಳೆದು ಕೂರಿಸಬೇಕಾಯಿತು. ‘ಹೇಗುಂಟು ಅಪ್ಪ, ಬಿಗಿ ಆಗ್ತದಾ?’ ಎಂದು ಕೇಳಿದೆ.

‘ಎಂತ ಗೊತ್ತಾಗುದಿಲ್ಲ’ ಅಂದರು. ‘ಹೂವಿನ ಹಾಗೆ ಉಂಟು.’

ಅಂಗಳದಲ್ಲಿ ಹೋಗಿ ಬಂದು ತೋರಿಸಿದರು. ಅಪ್ಪ ನಾನು ಕೊಟ್ಟದ್ದನ್ನು ಹಾಕಿಕೊಂಡು ನಡೆದ ಮೊದಲ ದಿನ ಅದು. ಅಮ್ಮ ಒಳಗೆ ಹೋಗಿ ಪಾತ್ರೆಗಳನ್ನು ಬೇಕಾದ್ದಕ್ಕಿಂತ ಜೋರಾಗಿ ಇಡುತ್ತಿದ್ದಳು. ನಾನು ಮೆಟ್ಟಿಲಿನಲ್ಲಿ ಕುಳಿತು, ನಾಚಿಕೆಯಿಲ್ಲದೆ, ಅತ್ತೆ.

ಮುಂದಿನ ಹನ್ನೆರಡು ದಿನ ಅವರು ಅದನ್ನೇ ಹಾಕಿದರು. ಕೇಳಿದವರಿಗೆಲ್ಲ ‘ಮಗಳು ಮಾಡಿಸಿದ್ದು’ ಎಂದರು. ದೇವಸ್ಥಾನದ ಬಾಗಿಲಲ್ಲಿ ಬೇರೆಯವರ ಚಪ್ಪಲಿಯ ರಾಶಿಯಿಂದ ದೂರ, ಕಟ್ಟೆಯ ಮೂಲೆಯಲ್ಲಿ ಬಿಡುತ್ತಿದ್ದರಂತೆ. ಅಲ್ಲಿಂದ ಒಳಗೆ ಬರಿಗಾಲು. ಹೋಗುವಾಗ ಬರುವಾಗ ನಾನು ಕೊಟ್ಟ ಚಪ್ಪಲಿ.

ತುಳಸಿಪೂಜೆಯ ದಿನ ಅವರಿಗೆ ಜ್ವರ ಬಂತು. ಮಧ್ಯಾಹ್ನ ಮಲಗಿದವರು ಏಳಲಿಲ್ಲ. ಹೊದಿಕೆ ಸರಿಮಾಡಲು ಹೋದ ಅಮ್ಮ ‘ಇದೆಂತ ವಾಸನೆ?’ ಎಂದಳು. ನಾನು ಮೊಬೈಲಿನ ಬೆಳಕು ಹಿಡಿದೆ. ಬಲಗಾಲಿನ ಹೆಬ್ಬೆರಳು ಊದಿ ಹೊಳೆಯುತ್ತಿತ್ತು, ಪಕ್ಕದ ಬೆರಳು ಕಪ್ಪಾಗಿತ್ತು. ಚಪ್ಪಲಿಯ ಪಟ್ಟಿ ಕೂರುವ ಜಾಗದಲ್ಲಿ ಚರ್ಮ ಇರಲಿಲ್ಲ. ಅಂಗಾಲಿನಲ್ಲಿ, ಹೆಬ್ಬೆರಳ ಬುಡದಲ್ಲಿ, ಎಂಟಾಣೆಯಷ್ಟು ಅಗಲದ ಹಳೆಯ ಗಾಯ. ಅದರ ಆಕಾರ ನನಗೆ ಪರಿಚಯವಿತ್ತು. ಅದು ಮೂಡಿದ ಹೆಜ್ಜೆಯ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದವಳೇ ನಾನು.

‘ನೋವು ಉಂಟಾ?’ ಎಂದು ಆಸ್ಪತ್ರೆಯಲ್ಲಿ ಡಾಕ್ಟರು ಒತ್ತಿ ಕೇಳಿದರು.

‘ಎಂತ ಇಲ್ಲ’ ಅಂದರು ಅಪ್ಪ.

‘ಅದೇ ತೊಂದರೆ ಭಟ್ರೆ. ನಿಮ್ಮ ಕಾಲಿಗೆ ಗೊತ್ತಾಗುದೇ ಇಲ್ಲ. ಈ ಗಾಯಕ್ಕೆ ಎರಡು ತಿಂಗಳಾದರೂ ಆಗಿದೆ.’ ಆಮೇಲೆ ನನ್ನ ಕಡೆ ತಿರುಗಿ, ‘ಹೊಸ ಚಪ್ಪಲಿ ಹಾಕಿದ್ರಾ?’

ಹೊರಗೆ ಬೆಂಚಿನಲ್ಲಿ ಕುಳಿತು ಅಮ್ಮನಿಗೆ ಚಾರ್ಟ್ ಹಾಳೆಯ ವಿಷಯ ಹೇಳಿದೆ. ಹೇಳುವಾಗ ಅವಳು ಬೈಯಲಿ ಎಂದೇ ಆಸೆಪಟ್ಟಿದ್ದೆ. ಅವಳು ಸೆರಗಿನ ತುದಿಯನ್ನು ಸುತ್ತುತ್ತಾ ಬಿಚ್ಚುತ್ತಾ ಕುಳಿತಳು.

‘ವೇಷ್ಟಿಯ ಅಂಚಲ್ಲಿ ಇರ್ತಿತ್ತು’ ಅಂದಳು ಕಡೆಗೆ. ‘ಎಷ್ಟು ಸಲ ಸೋಪು ಹಾಕಿ ಉಜ್ಜಿದ್ದೇನೆ. ಕುಂಕುಮ ಇಷ್ಟು ಬೇಗ ಹೋಗ್ತದಲ್ಲ ಅಂತ ಗ್ರಹಿಸಿದ್ದೆ ಒಂದು ದಿನ. ಕುಂಕುಮ ಹೋಗುದಿಲ್ಲ ಅಲ್ವಾ ಬಟ್ಟೆಯಿಂದ.’

ಆಮೇಲೆ ಅಪ್ಪನೂ ಅದನ್ನೇ ಹೇಳಿದರು. ನಮ್ಮ ಮನೆಯ ನೆಲ ಕೆಂಪು ಸಾರಣೆಯದ್ದು, ಅದರ ಮೇಲೆ ಕಾಣುವುದಿಲ್ಲ. ದೇವಸ್ಥಾನದ ಕಲ್ಲಿನ ಮೇಲೆ ಒಂದೆರಡು ಸಲ ಕಂಡಿದ್ದರಂತೆ. ಕುಂಕುಮ ತುಳಿದೆನೇನೋ ಎಂದು ‘ತಪ್ಪಾಯ್ತು’ ಹೇಳಿ ತೊಳೆದಿದ್ದರಂತೆ. ಬೇರೆ ಯಾವ ಮನೆಯಲ್ಲಾದರೂ ನೆಲದಲ್ಲಿ ಕೆಂಪು ಕಂಡರೆ ಮೊದಲು ಕೇಳುವುದು ‘ರಕ್ತವಾ?’ ಎಂದು. ನಮ್ಮ ಮನೆಯಲ್ಲಿ ದೇವರನ್ನು ನಂಬಿದ ಇಬ್ಬರೂ ನಂಬದ ಒಬ್ಬಳೂ ಸೇರಿ ಅದನ್ನು ಕುಂಕುಮ ಎಂದೇ ಓದಿದೆವು.

ನಮಸ್ಕಾರ ಮಾಡುವುದನ್ನು ಬಿಡದಿದ್ದರೆ ನಿನಗೆ ಕಾಣುತ್ತಿತ್ತು ಎಂದು ಅತ್ತೆಯೊಬ್ಬರು ಫೋನಿನಲ್ಲಿ ಹೇಳಿದರು. ಕಾಣುತ್ತಿರಲಿಲ್ಲ. ಬಗ್ಗಿದವರಿಗೆ ಕಾಣುವುದು ಪಾದದ ಮೇಲ್ಭಾಗ, ಅಂಗಾಲಲ್ಲ. ಈ ಉತ್ತರ ಸರಿಯಾಗಿದೆ, ಅದನ್ನು ಯಾರೂ ಖಂಡಿಸಲಾರರು. ಇದರಿಂದ ನನಗೆ ಎಳ್ಳಷ್ಟು ಸಮಾಧಾನವೂ ಸಿಗಲಿಲ್ಲ. ಗಾಯ ಮೊದಲೇ ಇತ್ತು ಎಂದೂ ಡಾಕ್ಟರು ಹೇಳಿದರು, ಚಪ್ಪಲಿ ಅದನ್ನು ಹೆಚ್ಚಿಸಿತು ಎಂದೂ ಹೇಳಿದರು. ನಾನು ಯಾವ ಮಾತನ್ನು ಎತ್ತಿಕೊಂಡು ಮಲಗಬೇಕೆಂದು ಹೇಳಲಿಲ್ಲ.

ಎರಡು ಬೆರಳು ತೆಗೆದರು.

ಅಪ್ಪ ಮನೆಗೆ ಬಂದು ತಿಂಗಳು ಕಳೆಯಿತು, ಗಾಯ ಒಣಗಿತು. ದೇವಸ್ಥಾನದ ಆಡಳಿತದವರು ಬಂದು, ‘ನೀವು ನಿಧಾನಕ್ಕೆ ಬನ್ನಿ, ಅವಸರ ಇಲ್ಲ’ ಅಂದರು. ಒಳ್ಳೆಯವರು. ಅಪ್ಪನೇ ಕೈ ಮುಗಿದು, ‘ಇನ್ನು ಬೇರೆಯವರನ್ನು ನೋಡಿ’ ಎಂದರು. ಅಂಗ ಊನವಾದವನು ಗರ್ಭಗುಡಿ ಹೊಕ್ಕು ಮೂರ್ತಿ ಮುಟ್ಟಬಾರದು ಎಂಬುದು ಅವರು ಕಲಿತ ಪದ್ಧತಿ. ಹಿಂದೆ ಅಲ್ಲಿನ ಇನ್ನೊಬ್ಬ ಅರ್ಚಕರ ಕೈಬೆರಳು ತುಂಡಾದಾಗ ಏನು ಮಾಡುವುದೆಂದು ಎಲ್ಲರೂ ಕೇಳಿದ್ದು ಅಪ್ಪನನ್ನೇ. ಆಗಬಾರದು ಎಂದು ಹೇಳಿದ್ದೂ ಅಪ್ಪನೇ.

ನಾನು ನನ್ನ ಬದುಕಿನ ಅತ್ಯುತ್ತಮ ವಾದವನ್ನು ಆ ಸಂಜೆ ಚಾವಡಿಯಲ್ಲಿ ಮಾಡಿದೆ. ಸಕ್ಕರೆ ಕಾಯಿಲೆ ತಪ್ಪಲ್ಲ. ನಿಮ್ಮ ಕೈ ಸರಿಯಿದೆ, ನಾಲಿಗೆ ಸರಿಯಿದೆ, ಮಂತ್ರ ಸರಿಯಿದೆ. ಮೂವತ್ತೆಂಟು ವರ್ಷ ದಿನಕ್ಕೆ ಮೂರು ಹೊತ್ತು ನೋಡಿದವರನ್ನು ಎರಡು ಬೆರಳಿಗಾಗಿ ಬಾಗಿಲ ಹೊರಗಿಡುವ ದೇವರು ಎಂಥವನು?

‘ನೀನು ದೇವರೇ ಇಲ್ಲ ಅಂತ ಹೇಳುವವಳು’ ಅಂದರು ಅಪ್ಪ. ‘ಅವನ ವಕಾಲತ್ತು ಹಿಡಿದದ್ದು ಯಾವಾಗ?’

‘ಅಪ್ಪ, ತಮಾಷೆ ಬೇಡ. ನಾನು ಹೇಳಿದ್ದರಲ್ಲಿ ತಪ್ಪು ಎಂತ ಉಂಟು ಹೇಳಿ.’

‘ತಪ್ಪಿಲ್ಲ. ನೀನು ಹೇಳಿದ್ದು ಪೂರಾ ಸರಿ.’

‘ಹಾಗಾದ್ರೆ ನಾಳೆ ಹೋಗ್ತೀರಾ?’

‘ಇಲ್ಲ.’

ಬಂದರಿನ ಕಾಕ ನನ್ನ ಮುಖ ನೋಡಿದ್ದು ನೆನಪಾಯಿತು. ಎದುರಿನವರು ಎಲ್ಲವನ್ನೂ ಒಪ್ಪಿದ ಮೇಲೂ ಒಂದು ಅಂಗುಲ ಕದಲದಿದ್ದರೆ, ಅಲ್ಲಿ ನನ್ನ ವಿದ್ಯೆ ಮುಗಿಯುತ್ತದೆ. ಅಪ್ಪ ಗೋಡೆಗೆ ಒರಗಿ, ಬೆರಳು ತೆಗೆದ ಕಾಲನ್ನು ಚಾಚಿ ಕುಳಿತಿದ್ದರು. ಇಷ್ಟು ವರ್ಷ ‘ಎಂತ ಬೇಡ’ ಎಂದವರಿಗೆ ಬೇಕಾದದ್ದು ಒಂದಿತ್ತು. ಅದು ದಿನಕ್ಕೆ ಮೂರು ಹೊತ್ತು ಅವರ ಕೈಯಲ್ಲೇ ಇತ್ತು, ಅದಕ್ಕೇ ಕೇಳುತ್ತಿರಲಿಲ್ಲ. ಅದು ಯಾವುದೆಂದು ನನಗೆ ತಿಳಿದದ್ದು ಅದು ಹೋದ ಮೇಲೆ.

ಡಾಕ್ಟರ ಆಜ್ಞೆಯಂತೆ ಈಗ ದಿನಾ ಬೆಳಿಗ್ಗೆ ಯಾರಾದರೂ ಅವರ ಅಂಗಾಲು ನೋಡಬೇಕು. ಅಮ್ಮನಿಗೆ ಕಣ್ಣು ಸಾಲದು. ನಾನು ನೆಲದಲ್ಲಿ ಕುಳಿತು, ಕಾಲನ್ನು ಮಡಿಲಲ್ಲಿಟ್ಟು, ಬೆರಳ ಸಂದಿಗಳಿಗೆಲ್ಲ ಬೆಳಕು ಹಿಡಿದು ನೋಡುತ್ತೇನೆ. ‘ಕಡೆಗೂ ಕಾಲಿಗೆ ಬಿದ್ದಿ’ ಎಂದು ಅಪ್ಪ ಮೊದಲ ದಿನ ಹೇಳಿದರು. ‘ಬಿದ್ದದ್ದಲ್ಲ, ತಪಾಸಣೆ’ ಎಂದೆ. ಈಗ ಇಬ್ಬರೂ ಆ ಮಾತು ಆಡುವುದಿಲ್ಲ.

ಕೊಡೆ, ಟಾರ್ಚ್, ಫ್ಲಾಸ್ಕ್ ಮೂರನ್ನೂ ಅಮ್ಮ ಎಲ್ಲಿಗೋ ದಾಟಿಸಿದಳು, ನಾನು ಕೇಳಲಿಲ್ಲ. ಚಪ್ಪಲಿಯನ್ನು ಆಸ್ಪತ್ರೆಯಿಂದ ಬಂದ ದಿನವೇ ಎಸೆದಿದ್ದಳು. ಸ್ಟೂಲು ಉಳಿದಿದೆ. ಸಂಜೆ ಕಚೇರಿಯಿಂದ ಬಂದು ಅಪ್ಪನನ್ನು ಸ್ಕೂಟರಿನಲ್ಲಿ ದೇವಸ್ಥಾನಕ್ಕೆ ಕರೆದುಕೊಂಡು ಹೋಗುತ್ತೇನೆ. ಹೊರಗಿನ ಅಂಗಳದಲ್ಲಿ, ಒಳಗಿನ ದೀಪ ನೇರ ಕಾಣುವ ಜಾಗ ನೋಡಿ, ಸ್ಟೂಲು ಬಿಡಿಸಿ ಕೂರಿಸುತ್ತೇನೆ. ಹೊಸ ಅರ್ಚಕರು ಅವಸರದವರು, ಮಂತ್ರದ ನಡುವೆ ಉಸಿರು ತೆಗೆಯಬಾರದಲ್ಲಿ ತೆಗೆಯುತ್ತಾರೆ.

ಈ ವರ್ಷದ ದೀಪಾವಳಿಗೆ ಇನ್ನು ನಾಲ್ಕು ದಿನ. ನಿನ್ನೆ ಅಲ್ಲಿ ಕೂರಿಸುವಾಗ, ಅಭ್ಯಾಸಬಲದಿಂದ ಬಾಯಿಗೆ ಬಂದುಬಿಟ್ಟಿತು: ‘ಅಪ್ಪ, ಈ ಸಲ ನಿಮಗೆ ಎಂತ ತರಲಿ?’

ಅವರು ಒಳಗಿನ ದೀಪದಿಂದ ಕಣ್ಣು ತೆಗೆಯಲಿಲ್ಲ. ‘ಎಂತ ಬೇಡ ಮಗ’ ಅಂದರು.

ನಾನು ವಾದಿಸಲಿಲ್ಲ. ಒಳಗೆ ಮಂಗಳಾರತಿಯ ಘಂಟೆ ಶುರುವಾಯಿತು. ಅಪ್ಪ ನನ್ನ ಭುಜ ಹಿಡಿದು ಏಳಲು ನೋಡಿದರು, ಆಗದೆ ಮತ್ತೆ ಕುಳಿತರು. ಆರತಿ ಎತ್ತುವಾಗ ಘಂಟೆ ಆಡಿಸುವುದು ಎಡಗೈ. ಮಡಿಲಲ್ಲಿದ್ದ ಅವರ ಎಡಗೈ ಮುಷ್ಟಿ ಕಟ್ಟಿಕೊಂಡು, ಒಳಗಿನ ಘಂಟೆಗಿಂತ ಸ್ವಲ್ಪ ನಿಧಾನವಾಗಿ, ಸರಿಯಾದ ಲಯದಲ್ಲಿ ಆಡುತ್ತಿತ್ತು. ಒಳಗಿನದ್ದು ನಿಂತ ಮೇಲೂ ಅದು ಸ್ವಲ್ಪ ಹೊತ್ತು ಆಡಿತು.